ತಿಳಿ, ಕದಡು, ಕುದಿ

ಫ್ಯಾನು ಜೋರಾಗಿ ತಿರುಗಿದರೆ ಈಗಲೂ ನನ್ನ ಕತ್ತು ತಾನಾಗಿಯೇ ತಗ್ಗುತ್ತದೆ. ಮನೆಯವರು ಮೊದಮೊದಲು ನಗುತ್ತಿದ್ದರು, ಈಗ ಸುಮ್ಮನೆ ಎದ್ದುಹೋಗಿ ಫ್ಯಾನಿನ ವೇಗ ಕಡಿಮೆ ಮಾಡುತ್ತಾರೆ. ಸರ್ ತೀರಿಕೊಂಡರೆಂದು ಫೋನು ಬಂದ ದಿನವೂ ಹಾಗೆಯೇ ಕತ್ತು ತಗ್ಗಿಸಿಕೊಂಡು ಊಟಕ್ಕೆ ಕೂತಿದ್ದೆ. ಫೋನಿಟ್ಟ ಮೇಲೆ ಮೊದಲು ಕಣ್ಣಿಗೆ ಬಂದದ್ದು ಅವರ ಮುಖವಲ್ಲ, ಅವರ ಅಂಗೈ. ಗಡಗಡ ನಡುಗುತ್ತಿದ್ದ ಅಂಗೈ. ಅದರ ಬಗ್ಗೆ ಹೇಳಬೇಕೆಂದರೆ ಅವರು ಎಂಥ ಅಂಜುಬುರುಕ ಮನುಷ್ಯರಾಗಿದ್ದರು ಎಂಬುದನ್ನು ಮೊದಲು ಹೇಳಬೇಕು.

ಗದಗಿನ ಕಾಲೇಜಿನಲ್ಲಿ ಬಿ.ಎಸ್ಸಿ. ಓದುವಾಗ ಮೂರು ವರ್ಷ ಅವರು ನಮಗೆ ಭೌತಶಾಸ್ತ್ರ ಕಲಿಸಿದರು. ಬೆಟಗೇರಿಯಲ್ಲಿ ಮನೆ. ಒಂದು ಹಳೆಯ ಸ್ಕೂಟರ್ ಇತ್ತು, ಅದನ್ನು ಅವರು ಓಡಿಸುವ ರೀತಿ ನೋಡಿದರೆ ಅದನ್ನು ಕೈಹಿಡಿದು ನಡೆಸಿಕೊಂಡು ಬರುತ್ತಿದ್ದಾರೇನೋ ಅನ್ನಿಸುತ್ತಿತ್ತು. ಬಸ್‌ಸ್ಟ್ಯಾಂಡಿನ ಎದುರು ರಸ್ತೆ ದಾಟುವುದಕ್ಕೆ ಅವರದೇ ಒಂದು ಪದ್ಧತಿ ಇತ್ತು. ಎಮ್ಮೆಯೋ ಆಕಳೋ ದಾಟುವವರೆಗೆ ಕಾಯುತ್ತಿದ್ದರು, ಅದು ಹೊರಟಿತೆಂದರೆ ಅದರ ಮಗ್ಗುಲಲ್ಲೇ ತಾವೂ ಹೊರಡುತ್ತಿದ್ದರು. ಒಮ್ಮೆ ನಾವು ಹುಡುಗಿಯರು ನೋಡಿ ನಕ್ಕಾಗ ಸಿಟ್ಟಾಗಲಿಲ್ಲ.

"ನಗ್ರಿ, ನಗ್ರಿ. ದನಕ್ಕ ಹಾಯಿಸಿದ್ರ ಮಂದಿ ಕೂಡಿ ಹೊಡೀತಾರ ಅಂತ ಡ್ರೈವರಗ ಗೊತ್ತೈತಿ. ಮಾಸ್ತರಗ ಹಾಯಿಸಿದ್ರ ಯಾರ ಕೇಳ್ತಾರ?"

ಪ್ರಯೋಗಾಲಯದಲ್ಲಿ ಯಾವ ಯಂತ್ರವನ್ನಾದರೂ ಮೊದಲು ಬೆರಳಿನ ಹಿಂಬದಿಯಿಂದ ಮುಟ್ಟಿ ನೋಡುತ್ತಿದ್ದರು. ಕರೆಂಟು ಹೊಡೆದರೆ ಮುಷ್ಟಿ ತಾನಾಗಿ ಬಿಗಿಯುತ್ತದೆ, ಅಂಗೈಯಲ್ಲಿ ಹಿಡಿದಿದ್ದರೆ ಬಿಡಿಸಿಕೊಳ್ಳಲು ಬರುವುದಿಲ್ಲ ಎಂದು ಮೂರು ವರ್ಷದಲ್ಲಿ ಮುನ್ನೂರು ಸಲ ಹೇಳಿರಬೇಕು. ಗುಡುಗಿದರೆ ಪಾಠ ನಿಲ್ಲಿಸಿ ಬಾಯಲ್ಲೇ ಎಣಿಸುತ್ತಿದ್ದರು. ಮಿಂಚಿಗೂ ಗುಡುಗಿಗೂ ನಡುವಿನ ಎಣಿಕೆ ಕಡಿಮೆಯಾಗುತ್ತ ಬಂದರೆ ನಮ್ಮನ್ನೆಲ್ಲ ಕಿಟಕಿಯಿಂದ ದೂರ ಕೂಡಿಸುತ್ತಿದ್ದರು. ಹಿಂದಿನ ಬೆಂಚಿನ ಹುಡುಗನೊಬ್ಬ, "ಸರ್, ನೀವು ಇಷ್ಟ ಯಾಕ ಅಂಜತೀರಿ?" ಎಂದು ಕೇಳಿಯೇಬಿಟ್ಟ.

"ಅಂಜತೀನಿ, ಅದಕ್ಕ ಅಳೀತೀನಿ," ಅಂದರು ಸರ್. "ಧೈರ್ಯ ಇದ್ದಾಂವಗ ಅಳತಿ ಯಾಕ ಬೇಕಪಾ? ಅಂವ ಸೀದಾ ಹೋಗಿಬಿಡ್ತಾನ."

ಅವರಿಗೆ ನಾವಿಟ್ಟ ಹೆಸರು ಛತ್ರಿ ಸರ್. ಛತ್ರಿ ಎಂದರೆ ಕಿಲಾಡಿ ಎಂದೂ ಅರ್ಥ ಇದೆಯಲ್ಲ, ಆ ಗುಣ ಮಾತ್ರ ಅವರಲ್ಲಿ ಒಂದು ಗುಲಗಂಜಿಯಷ್ಟೂ ಇರಲಿಲ್ಲ. ಹೆಸರು ಬಂದದ್ದು ಕಾಲೇಜಿನ ಮಾಳಿಗೆಯ ಮೇಲಿದ್ದ ಒಂದು ಆಂಟೆನಾದಿಂದ. ಬೋಗುಣಿ ಬೋರಲು ಹಾಕಿದ ಹಾಗೆ, ಬೆಳ್ಳಗೆ, ಒಂದು ಕಂಬದ ಮೇಲೆ ಕೂತಿತ್ತು. ಎಲ್ಲಿಯದೋ ದೊಡ್ಡ ಸಂಸ್ಥೆಯೊಂದು ಕೆಲವು ವರ್ಷದ ಅಧ್ಯಯನಕ್ಕೆಂದು ಕೊಟ್ಟು, ಅಧ್ಯಯನ ಮುಗಿದ ಮೇಲೆ ಒಯ್ಯುವುದನ್ನು ಮರೆತಿತ್ತು. ಸರ್ ಮರೆಯಲಿಲ್ಲ. ಮಂಗಗಳು ಕೇಬಲ್ ಹರಿದರೆ ತಾವೇ ಬೆಸೆಯುತ್ತಿದ್ದರು. ಮೇಲೆ ಹೋಗಲು ಇದ್ದದ್ದು ಒಂದು ಕಬ್ಬಿಣದ ಏಣಿ. ಅದನ್ನು ಹತ್ತುವಾಗ ಜವಾನನಿಗೆ ಕೆಳಗೆ ಹಿಡಿದುಕೊಳ್ಳಲು ಹೇಳಿ, ಮೇಲೆ ಮುಟ್ಟುವವರೆಗೆ ಅವನನ್ನು ಮಾತಾಡಿಸುತ್ತಲೇ ಇರುತ್ತಿದ್ದರು. ಮಾತು ನಿಂತರೆ ಅವನು ಕೈಬಿಟ್ಟು ಹೋಗಿದ್ದಾನೆ ಎಂಬ ಭಯ.

ಆ ಛತ್ರಿ ಮಾಡುತ್ತಿದ್ದುದು ಇಷ್ಟು. ನಮ್ಮ ಮೊಬೈಲು, ಕಾರು, ಭೂಮಾಪನದ ಯಂತ್ರ ಎಲ್ಲವೂ ತಾವು ಎಲ್ಲಿದ್ದೇವೆಂದು ತಿಳಿಯುವುದು ಉಪಗ್ರಹಗಳ ಸಂಕೇತದಿಂದ. ನಮ್ಮ ದೇಶದವು, ಬೇರೆ ದೇಶದವು, ಹಲವಾರು ಉಪಗ್ರಹಗಳು ಒಟ್ಟೊಟ್ಟಿಗೆ ತಲೆಯ ಮೇಲೆ ಇರುತ್ತವೆ. ಅವುಗಳ ಸಂಕೇತ ನೆಲಕ್ಕೆ ಬರುವ ದಾರಿಯಲ್ಲಿ, ನೂರಾರು ಕಿಲೋಮೀಟರ್ ಎತ್ತರದಲ್ಲಿ, ಸೂರ್ಯನ ಕಿರಣಗಳಿಗೆ ಗಾಳಿಯ ಕಣಗಳು ಒಡೆದು ವಿದ್ಯುತ್ ತುಂಬಿದ ಒಂದು ಪದರ ಇದೆ. ಸಂಕೇತ ಅದನ್ನು ದಾಟುವಾಗ ತುಸು ತಡವಾಗುತ್ತದೆ, ತುಸು ಬಾಗುತ್ತದೆ. ಎಷ್ಟು ತಡವಾಯಿತು, ಎಷ್ಟು ಅಲುಗಾಡಿತು ಎಂದು ನೋಡಿದರೆ ಆ ಪದರದ ಹವಾಮಾನ ತಿಳಿಯುತ್ತದೆ. ದಾರಿ ಕೇಳಲು ಇರುವ ಸಂಕೇತದಿಂದಲೇ ದಾರಿಯ ಸ್ಥಿತಿಯನ್ನು ತಿಳಿಯುವ ಕೆಲಸ.

ಇದನ್ನು ಅವರು ಒಂದು ಬಕೆಟ್ ನೀರಿನಲ್ಲಿ ಹೇಳಿಕೊಟ್ಟರು. ತಳದಲ್ಲಿ ಒಂದು ಬಿಳಿ ಹರಳು ಇಟ್ಟು, "ಹರಳು ಎಲ್ಲೈತಿ?" ಅಂದರು. ಎಲ್ಲರೂ ತೋರಿಸಿದೆವು. "ಇದು ತಿಳಿ." ಆಮೇಲೆ ಕೈಯಾಡಿಸಿದರು. ಹರಳು ಅತ್ತಿತ್ತ ಓಡಾಡಿದ ಹಾಗೆ ಕಂಡಿತು. "ಇದು ಕದಡು." ಕೊನೆಗೆ ಒಂದು ಕೊಳವೆ ಇಳಿಬಿಟ್ಟು ತಳದಿಂದ ಗಾಳಿ ಊದಿದರು. ಗುಳ್ಳೆಗಳೆದ್ದು ಹರಳು ನುಚ್ಚುನೂರಾಯಿತು, ಎಲ್ಲೆಲ್ಲೂ ಹರಳು, ಎಲ್ಲಿಯೂ ಹರಳಿಲ್ಲ. "ಇದು ಕುದಿ. ಹರಳು ಇದ್ದಲ್ಲೇ ಐತಿ ನೋಡ್ರಿ. ಅದು ಸುಳ್ಳು ಹೇಳಿಲ್ಲ. ನಡುವಿನ ನೀರಿನ್ಯಾಗ ಸುದ್ದಿ ಕೆಟ್ಟೈತಿ."

ಅಂದಿನಿಂದ ಪ್ರಯೋಗಾಲಯದ ಬಾಗಿಲ ಪಕ್ಕದ ಸಣ್ಣ ಕರಿಹಲಗೆಯ ಮೇಲೆ ಪ್ರತಿದಿನ ಆ ಮೂರರಲ್ಲಿ ಒಂದು ಶಬ್ದ ಬರೆದಿರುತ್ತಿತ್ತು. ಪ್ರಾಂಶುಪಾಲರು ಅದನ್ನು ಕುಡಿಯುವ ನೀರಿನ ವಿಷಯ ಎಂದುಕೊಂಡು ಒಮ್ಮೆ ಟ್ಯಾಂಕು ತೊಳೆಸಿದ್ದುಂಟು.

ಮುಂಡರಗಿ ಕಡೆಯ ಹಿರಿಯರೊಬ್ಬರು, ನಮ್ಮ ಸಹಪಾಠಿಯ ತಂದೆ, ಒಂದು ದಿನ ಹುಡುಕಿಕೊಂಡು ಬಂದರು. "ಸರ, ನಮ್ಮೂರಾಗ ಟವರ್ ಬರೂದಿಲ್ಲ. ನಿಮ್ಮ ಛತ್ರಿ ಒಂದೀಟು ನಮ್ಮ ಕಡಿ ತಿರುಗಸ್ರಿ." ಇದು ಮೊಬೈಲಿನ ಟವರ್ ಅಲ್ಲ, ಇದು ಏನನ್ನೂ ಕಳಿಸುವುದಿಲ್ಲ, ಬರೀ ಕೇಳಿಸಿಕೊಳ್ಳುತ್ತದೆ ಎಂದು ಸರ್ ಬಕೆಟ್ಟು, ಹರಳು ಎಲ್ಲ ತರಿಸಿ ಒಂದು ತಾಸು ತಿಳಿಸಿದರು. ಹಿರಿಯರು ಕೊನೆಯವರೆಗೂ ತಲೆದೂಗಿ ಎದ್ದರು. "ಆತ್ರಿ ಸರ, ಎಲ್ಲಾ ತಿಳೀತು. ಮತ್ತ ತಿರುಗಸೂದು ಯಾವಾಗ?"

ಸರ್ ಆ ಹಿರಿಯರನ್ನು ನೋಡಿ ನಗಲಿಲ್ಲ. ತಮ್ಮ ಮಾತಿನಲ್ಲೇ ಎಲ್ಲಿಯೋ ತಪ್ಪಿದೆ ಎಂದು ಎರಡು ದಿನ ಮುಖ ಸಣ್ಣದು ಮಾಡಿಕೊಂಡು ತಿರುಗಿದರು.

ಕೊನೆಯ ವರ್ಷದ ಪ್ರಾಜೆಕ್ಟಿಗೆ ನಾನು ಆ ಯಂತ್ರವನ್ನೇ ಆರಿಸಿಕೊಂಡೆ. ಆಶ್ವೀಜ, ಕಾರ್ತಿಕದ ಸಂಜೆಗಳಲ್ಲಿ ನಮ್ಮ ಸೀಮೆಯ ಮೇಲೆ ಕುದಿ ಜಾಸ್ತಿ. ಹೊತ್ತು ಮುಳುಗಿದ ಮೇಲೆ ಆ ಪದರದ ತಳದಿಂದ ಗುಳ್ಳೆಗಳಂಥ ಪೊಳ್ಳುಗಳು ಮೇಲೇಳುತ್ತವೆ. ಸೂರ್ಯನ ಮೇಲೆ ಕಲೆಗಳು ಹೆಚ್ಚಾದ ವರ್ಷಗಳಲ್ಲಿ ಇನ್ನೂ ಜೋರು. ಪರದೆಯ ಮೇಲೆ ಒಂದೊಂದು ಉಪಗ್ರಹಕ್ಕೂ ಒಂದೊಂದು ಗೆರೆ ಇರುತ್ತಿತ್ತು. ಕಿಟಕಿಯಲ್ಲಿ ನೋಡಿದರೆ ಆಕಾಶ ತೊಳೆದಿಟ್ಟ ಹಾಗೆ, ಒಂದು ಮೋಡ ಇಲ್ಲ, ದೂರದಲ್ಲಿ ಕಪ್ಪತಗುಡ್ಡದ ಸಾಲಿನ ಗಾಳಿಯಂತ್ರಗಳ ಕೆಂಪು ದೀಪ. ಆ ಹೊತ್ತಿಗೆ ಒಂದು ಗೆರೆ ನಡುಗತೊಡಗುತ್ತಿತ್ತು. ಆಮೇಲೆ ಅದರ ಪಕ್ಕದ್ದು. ಆಮೇಲೆ ಇನ್ನೊಂದು. ಸರ್ ಮೇಜಿನ ಅಂಚು ಹಿಡಿದುಕೊಂಡು, ಮನೆಯೊಳಗೆ ಯಾರೋ ಹೊಕ್ಕದ್ದನ್ನು ಕಂಡವರ ಹಾಗೆ ಪಿಸುದನಿಯಲ್ಲಿ, "ಬಂತು" ಎನ್ನುತ್ತಿದ್ದರು. ಕಾಣುವ ಕೆಡುಕಿಗಾದರೂ ಬಾಗಿಲು ಹಾಕಿಕೊಳ್ಳಬಹುದು.

"ವಿಮಾನದವ್ರಿಗೆ, ಹಡಗಿನವ್ರಿಗೆ ಹೇಳಾಕ ದೊಡ್ಡ ದೊಡ್ಡ ಮಂದಿ ಅದಾರ," ಎಂದು ಒಂದು ಸಂಜೆ ಅಂದರು. "ಹೊಲದಾಗಿನವ್ರಿಗೆ ಯಾರ ಹೇಳ್ತಾರ?"

ಹೊಲದಲ್ಲಿರುವವರಿಗೆ ಅದರಿಂದ ಏನಾಗಬೇಕು ಎಂದು ಆಗ ನನಗೆ ಅರ್ಥವಾಗಿರಲಿಲ್ಲ.

ಅರ್ಥವಾಗುವ ಕಾಲವೂ ಬಂತು. ಓದು ಮುಗಿಸಿ ಊರಿಗೆ, ಲಕ್ಷ್ಮೇಶ್ವರಕ್ಕೆ ಮರಳಿದ ಮೇಲೆ ನಮ್ಮ ಮಹಿಳಾ ಸಂಘಕ್ಕೆ ಔಷಧ ಹೊಡೆಯುವ ಒಂದು ಡ್ರೋನ್ ಬಂತು. ಅದನ್ನು ಹಾರಿಸುವ ಪರವಾನಗಿ ಶಾಂತಕ್ಕನದು. ನನಗಿಂತ ಹತ್ತು ವರ್ಷ ದೊಡ್ಡವಳು, ಪಿಯುಸಿ ಓದಿದವಳು, ಎದೆಗಾರ್ತಿ. ನಾನು ಅವಳ ಜೊತೆ ತರಬೇತಿ ಪಡೆದು, ಬ್ಯಾಟರಿ ಬದಲಿಸುವುದು, ಔಷಧ ಕಲಸುವುದು ಮಾಡುತ್ತಿದ್ದೆ. ಅವಳು ನನ್ನನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. "ಏ ಬಿಎಸ್ಸಿ, ನೀರು ತಾ," "ಏ ಬಿಎಸ್ಸಿ, ಗಾಳಿ ಯಾ ಕಡಿ ಐತಿ ಹೇಳು, ಪುಸ್ತಕದಾಗ ನೋಡಿ ಹೇಳು."

ಖುಷಿಯಿಂದ ಸರ್‌ಗೆ ಫೋನು ಮಾಡಿ ತಿಳಿಸಿದೆ. ಅವರು ಚಲೋ ಆತು ಅನ್ನಲಿಲ್ಲ.

"ತೂಕ ಎಷ್ಟು?"

"ಔಷಧ ತುಂಬಿದ್ರ ಒಂದು ಗೊಬ್ಬರದ ಚೀಲದಷ್ಟ ಆಗತೈತ್ರಿ."

"ಅಲಗು?"

"ಆರು ರೆಕ್ಕಿ ಅದಾವ್ರಿ."

"ಉಪಗ್ರಹ ನೋಡ್ಕೋತ ತಾನ ಹಾರತೈತಿ, ಹೌದಲ್ಲ? ಅದರ ಸಹಾಯ ಇಲ್ಲದ, ಬರೇ ಕೈಲೆ ಹಾರಸಾಕ ಬರ್ತೈತೇನವ್ವಾ ನಿನಗ?"

"ತರಬೇತಿಯಾಗ ಒಂದು ದಿನ ಮಾಡಿಸ್ಯಾರ್ರಿ."

"ಒಂದು ದಿನ ಸಾಲೂದಿಲ್ಲ. ದಿನಾ ಹತ್ತು ನಿಮಿಷ ಖಾಲಿ ಹೊಲದಾಗ ಹಾರಸು. ನಿನ್ನ ಅಂಜಿಕಿ ಹೋಗಲಿ ಅಂತ ಅಲ್ಲ. ನನ್ನ ಅಂಜಿಕಿ ಹೋಗಲಿ ಅಂತ."

ಅವರು ಹೇಳಿದರೆಂದು ಕೆಲವು ವಾರ ಮಾಡಿದೆ, ಶಾಂತಕ್ಕ ನಕ್ಕಳೆಂದು ಬಿಟ್ಟೆ. ಆದರೆ ಅಂದಿನಿಂದ ಪ್ರತಿ ಮಧ್ಯಾಹ್ನ ನನ್ನ ಮೊಬೈಲಿಗೆ ಒಂದು ಶಬ್ದದ ಸಂದೇಶ ಬರತೊಡಗಿತು. ತಿಳಿ. ತಿಳಿ. ಕದಡು. ತಿಳಿ. ನಿವೃತ್ತರಾದ ಮೇಲೂ ನಿಲ್ಲಲಿಲ್ಲ. ಇಷ್ಟರಲ್ಲಿ ಅವರು ಸೊರಟೂರಿನ ಶಾಲೆಯೊಂದರ ಮಾಳಿಗೆಯ ಮೇಲೆ ಇನ್ನೊಂದು ಸಣ್ಣ ಆಂಟೆನಾ ಹಾಕಿಸಿಕೊಂಡಿದ್ದರು. ಕುದಿ ಇರಬಹುದೆಂದು ಕಂಡ ದಿನ ಅಲ್ಲಿಗೇ ಹೋಗಿ ಕೂಡುತ್ತಿದ್ದರು.

ಆ ದಿನ ನಮ್ಮ ಕೆಲಸ ಇದ್ದದ್ದೂ ಸೊರಟೂರಿನ ಹೊಲದಲ್ಲಿ. ಆರು ಎಕರೆ ಮೆಣಸಿನಕಾಯಿ. ಪಕ್ಕದ ಹೊಲದಲ್ಲಿ ಉಳ್ಳಾಗಡ್ಡಿ ಕಿತ್ತು ರಾಶಿ ಹಾಕಿದ್ದರು, ಏಳೆಂಟು ಹೆಂಗಸರು ಸಾಲಾಗಿ ಕೂತು ಗಡ್ಡೆಗಳ ಮೇಲಿನ ಎಲೆ, ತಪ್ಪಲು, ಕೊಯ್ಯುತ್ತಿದ್ದರು. ಮಧ್ಯಾಹ್ನ ನಾನು ಕೈಗವಸು ಹಾಕಿಕೊಂಡು ಔಷಧ ಕಲಸುತ್ತಿದ್ದಾಗ ಮೊಬೈಲು ಸದ್ದು ಮಾಡಿತು. ಶಾಂತಕ್ಕ ಎತ್ತಿ ಓದಿದಳು.

"ನಿಮ್ಮ ಛತ್ರಿ ಸರ್ ಮೆಸೇಜು. 'ಕುದಿ' ಅಂತ." ಮೊಬೈಲನ್ನು ಅತ್ತ ಇಟ್ಟಳು. "ಅಲ್ಲ ಬೇ ಬಿಎಸ್ಸಿ, ಬಿಸಿಲಾಗ ನಿಂತ ನಮಗ ಗೊತ್ತಾಗೂದಿಲ್ಲೇನು? ಕುದಿ ಐತಿ ಅಂತ ಗದಗಿನಿಂದ ಹೇಳಿ ಕಳಸಬೇಕೇನು?"

ಕುದಿ ಎಂದರೆ ನಮ್ಮ ಕಡೆ ಸೆಕೆಯೂ ಹೌದು. ಆ ದಿನ ನಿಜಕ್ಕೂ ಮೈ ಬೇಯುವಂಥ ಸೆಕೆ ಇತ್ತು.

ಹೊಲದ ಗೌಡರು ಅಲ್ಲೇ ನಿಂತಿದ್ದರು. "ಖರೆ ಐತಿ ನೋಡವ್ವಾ. ಇಂಥಾ ಕುದ್ಯಾಗ ಹೊಡದ್ರ ಔಷಧ ಎಲಿ ಮುಟ್ಟೂದ್ರಾಗ ಆರಿ ಹೋಗತೈತಿ. ಸಂಜಿಗೆ ಹೊಡ್ರಿ, ಹೊತ್ತ ಮುಣಗಲಿ, ತಂಪಾಗಲಿ."

"ಆತ್ರಿ ಗೌಡ್ರ, ಹಂಗ ಮಾಡೋಣು," ಅಂದಳು ಶಾಂತಕ್ಕ.

ಸರ್ 'ಕುದಿ' ಎಂದು ಬರೆದದ್ದು ಹೊತ್ತು ಮುಳುಗಿದ ಮೇಲೆ ಹಾರಿಸಬೇಡಿ ಎಂದು. ಅದೇ ಶಬ್ದ ನಮ್ಮ ಕೆಲಸವನ್ನು ಹೊತ್ತು ಮುಳುಗಿದ ಮೇಲಕ್ಕೆ ತಳ್ಳುತ್ತಿತ್ತು. ಇದು ಆ ಹೊಲದಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೆ. ನಾನು ಬಾಯಿ ಬಿಡಲಿಲ್ಲ. ಬಾಯಿಗೆ ಬಟ್ಟೆ ಕಟ್ಟಿಕೊಂಡಿದ್ದೆ ಎಂಬುದು ನೆಪ. ಬಕೆಟ್ಟು, ಹರಳು, ಉಪಗ್ರಹ ಎಂದು ಶುರು ಮಾಡಿದರೆ ಶಾಂತಕ್ಕ ಇಡೀ ದಿನ ಬಿಎಸ್ಸಿ ಬಿಎಸ್ಸಿ ಎಂದು ಆಡಿಕೊಳ್ಳುತ್ತಾಳೆ ಎಂದು ನಾಚಿಕೆಯಾಯಿತು. ಹಿಂದೆ ಎರಡು ಸಲ ಕುದಿ ಎಂದು ಬಂದಿದ್ದಾಗ ಏನೂ ಆಗಿರಲಿಲ್ಲ. ಗೆರೆಗಳು ನಡುಗುವುದು ಏಳರ ಸುಮಾರಿಗೆ, ನಮ್ಮ ಕೆಲಸ ಆರೂವರೆಯೊಳಗೆ ಮುಗಿಯುತ್ತದೆ ಎಂದುಕೊಂಡೆ. ಕೈತೊಳೆದು ಬಂದು ಸರ್‌ಗೆ, "ಆತ್ರಿ ಸರ್" ಎಂದು ಉತ್ತರವನ್ನೂ ಕಳಿಸಿದೆ.

ಆರೂವರೆಗೆ ಮುಗಿಯಲಿಲ್ಲ. ಸೆಕೆಗೆ ಬ್ಯಾಟರಿ ಕಾದು, ಆರಿಸಲು ಹೊತ್ತು ಹೋಯಿತು. ಕೊನೆಯ ಸುತ್ತಿಗೆ ಹೊಸ ಬ್ಯಾಟರಿ ಹಾಕಿ ಯಂತ್ರ ಎಬ್ಬಿಸುವಾಗ ಪಡುವಣದ ಕೆಂಪು ಆರಿ, ಮುಖ ಗುರುತು ಸಿಗದಷ್ಟು ಮಬ್ಬಾಗಿತ್ತು. ಪ್ರತಿಸಲ ಎಬ್ಬಿಸಿದಾಗಲೂ ಡ್ರೋನು ತಾನು ನಿಂತ ಜಾಗವನ್ನು 'ಮನೆ' ಎಂದು ಉಪಗ್ರಹಗಳನ್ನು ಕೇಳಿ ಗುರುತಿಟ್ಟುಕೊಳ್ಳುತ್ತದೆ. ಏನಾದರೂ ಎಡವಟ್ಟಾದರೆ ಮನೆಯ ಚಿತ್ರವಿರುವ ಗುಂಡಿ ಒತ್ತಿದರಾಯಿತು, ತಾನಾಗಿ ಅಲ್ಲಿಗೆ ಬಂದು ಇಳಿಯುತ್ತದೆ. ತರಬೇತಿಯಲ್ಲಿ ನಮಗೆ ಎಲ್ಲಕ್ಕಿಂತ ಹೆಚ್ಚು ನಂಬಿಕೆ ಹುಟ್ಟಿಸಿದ್ದು ಆ ಗುಂಡಿ.

ಉಳ್ಳಾಗಡ್ಡಿಯ ಹೆಂಗಸರು ಕೆಲಸ ಮುಗಿಸಿ, ಊರಿಗೆ ಒಯ್ಯುವ ಟಂಟಂ ಆಟೋ ಬರುವ ದಾರಿ ನೋಡುತ್ತ ರಾಶಿಯ ಪಕ್ಕ ಕೂತಿದ್ದರು. ಟಂಟಂ ಆ ದಿನ ತಡವಾಗಿತ್ತು. ನಮಗೂ ಅವರಿಗೂ ನಡುವೆ ಇಪ್ಪತ್ತು ಹೆಜ್ಜೆ.

ಡ್ರೋನು ಹೊಲದ ಆಚೆ ಅಂಚು ಮುಟ್ಟಿತು. ತಿರುಗಬೇಕಾಗಿತ್ತು, ತಿರುಗಲಿಲ್ಲ. ಅದರ ದೀಪ ನಿಧಾನಕ್ಕೆ ಪಕ್ಕಕ್ಕೆ ಜಾರತೊಡಗಿತು. ನಾನು ರಿಮೋಟಿನ ಪರದೆ ನೋಡಿದೆ. ಪರದೆಯಲ್ಲಿ ಅದು ಗೆರೆಯ ಮೇಲೆಯೇ, ನೇರವಾಗಿ, ಅಚ್ಚುಕಟ್ಟಾಗಿ ಹೋಗುತ್ತಿತ್ತು. ತಲೆಯೆತ್ತಿದೆ. ಆಕಾಶದಲ್ಲಿ ಅದು ಬೇರೆಲ್ಲೋ ಇತ್ತು. ಎರಡನ್ನೂ ಒಟ್ಟಿಗೆ ಕಂಡ ಆ ಒಂದು ಗಳಿಗೆ ಇವತ್ತಿಗೂ ನನ್ನ ನಿದ್ದೆಯಲ್ಲಿ ಬರುತ್ತದೆ.

"ಗಾಳಿ ಹೊಡದೈತಿ," ಎಂದು ಶಾಂತಕ್ಕ ಮನೆ ಗುಂಡಿ ಒತ್ತಿದಳು.

ಅದು ವಿಧೇಯವಾಗಿ ಮೇಲೇರಿತು, ತಿರುಗಿತು, ನಮ್ಮ ಕಡೆ ಬಂತು. ನಮ್ಮ ಮುಂದೆ ಇಳಿಯಲಿಲ್ಲ. ನಮ್ಮನ್ನು ದಾಟಿ, ಇಪ್ಪತ್ತು ಹೆಜ್ಜೆ ಆಚೆ, ಉಳ್ಳಾಗಡ್ಡಿ ರಾಶಿಯ ಮೇಲೆ ನಿಂತು ಇಳಿಯತೊಡಗಿತು. ಎಬ್ಬಿಸುವಾಗಲೇ ಮೇಲೆ ಕುದಿ ಶುರುವಾಗಿತ್ತು. ಅದು ಗುರುತಿಟ್ಟುಕೊಂಡ ಮನೆಯೇ ತಪ್ಪಾಗಿತ್ತು.

ಹೆಂಗಸರು ಮೇಲೆ ನೋಡಿ ನಗುತ್ತಿದ್ದರು. "ನಮಗೂ ಔಷಧ ಹೊಡೀತಾರ ನೋಡ್ರೆ, ಹುಳಾ ಹತ್ಯಾವಂತ," ಎಂದದ್ದು ಫಕೀರವ್ವನ ದನಿ. ಅವರಲ್ಲಿ ಎಲ್ಲರಿಗಿಂತ ಹಿರಿಯಳು, ಕಾಲುನೋವಿನವಳು, ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂತಿದ್ದಳು. ಗಾಳಿಗೆ ರಾಶಿಯ ಒಣ ಸಿಪ್ಪೆಗಳೆಲ್ಲ ಎದ್ದವು. ದೀಪದ ಬೆಳಕಿನಲ್ಲಿ ಸಾವಿರಾರು ಸಿಪ್ಪೆ ಅವರ ಸುತ್ತ ಗಿರಗಿರನೆ ಸುತ್ತಿದವು. ಆಗ ನಗು ನಿಂತಿತು. ಕಣ್ಣಿಗೆ ಧೂಳು ಹೊಕ್ಕು ಯಾವ ಕಡೆ ಓಡಬೇಕೆಂದು ತಿಳಿಯದೆ ಅಲ್ಲಲ್ಲೇ ಮುದುಡಿದರು. ಶಾಂತಕ್ಕ ಅದೇ ಗುಂಡಿಯನ್ನು ಮತ್ತೆ ಮತ್ತೆ ಒತ್ತುತ್ತಿದ್ದಳು. ನನ್ನ ಕಾಲು ಎರೆಮಣ್ಣಿನಲ್ಲಿ ಹೂತುಹೋದ ಹಾಗಿತ್ತು.

ಹಿಂದಿನಿಂದ ಯಾರೋ ಓಡಿ ಬಂದರು. ಸರ್. ಶಾಲೆಯ ಮಾಳಿಗೆಯ ಮೇಲೆ ಗೆರೆಗಳು ನಡುಗುವುದನ್ನು ನೋಡುತ್ತ ಕೂತವರಿಗೆ ಡ್ರೋನು ಎದ್ದಾಗಲೇ ಅದರ ಸದ್ದು ಕೇಳಿಸಿತ್ತಂತೆ. ದನದ ಮಗ್ಗುಲು ಹಿಡಿದು ರಸ್ತೆ ದಾಟುವ ಆ ಮನುಷ್ಯ ಬಂಡಿದಾರಿಯಲ್ಲಿ ಸ್ಕೂಟರ್ ಓಡಿಸಿ, ಬಿದ್ದು, ಅದನ್ನು ಅಲ್ಲೇ ಬಿಟ್ಟು ಬಂದಿದ್ದರು. ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ. ಶಾಂತಕ್ಕನ ಕೈಯಿಂದ ರಿಮೋಟ್ ತೆಗೆದು ನನ್ನ ಕೈಗಿಟ್ಟರು. ಪರದೆಯ ಮೇಲೆ ತಮ್ಮ ಅಂಗೈ ಮುಚ್ಚಿದರು.

"ಇದನ್ನ ನೋಡಬ್ಯಾಡ," ಅಂದರು. ಪ್ರಾಯೋಗಿಕ ಪರೀಕ್ಷೆಯಲ್ಲಿ ಪಕ್ಕಕ್ಕೆ ನಿಂತು ಹೇಳುವ ಅದೇ ಮೆಲುದನಿ. "ಅದನ್ನ ನೋಡು. ಉಪಗ್ರಹ ಬಿಡಸು. ಕೈಲೆ ಹಾರಸು."

ಸ್ವಿಚ್ಚು ಸರಿಸಿದೆ. ಇಳಿಯುತ್ತಿದ್ದುದು ನಿಂತಿತು, ಆದರೆ ಗಾಳಿಗೆ ತೂರಾಡತೊಡಗಿತು. ಸರ್ ದನಿ ಒಂದಿಷ್ಟೂ ಅಲುಗಿರಲಿಲ್ಲ. ಅವರ ಅಂಗೈ ಮಾತ್ರ ನಡುಗುತ್ತಿತ್ತು, ಆ ನಡುಕ ರಿಮೋಟಿನ ಮೂಲಕ ನನ್ನ ಎರಡೂ ಕೈಗೆ ಬರುತ್ತಿತ್ತು. ನನಗಿಂತ ಹೆಚ್ಚು ಹೆದರಿದವರೊಬ್ಬರು ಪಕ್ಕದಲ್ಲಿದ್ದಾರೆ, ಆದರೂ ನಿಂತಿದ್ದಾರೆ ಎಂಬುದು ತಿಳಿದು ನನ್ನ ಹೆಬ್ಬೆರಳಿಗೆ ಜೀವ ಬಂತು.

"ಮ್ಯಾಲೆ. ಇನ್ನೊಂದೀಟು. ಈಗ ನಿನ್ನ ಕಡಿ."

ಮೇಲೇಳುವ ಮೊದಲು ಅದು ಒಮ್ಮೆ ಓರೆಯಾಯಿತು. ಫಕೀರವ್ವ ಅಷ್ಟರಲ್ಲಿ ಬುಟ್ಟಿಯಿಂದ ಜಾರಿ ನೆಲಕ್ಕೆ ಬಿದ್ದಿದ್ದಳು. ಅಲಗು ಬುಟ್ಟಿಯನ್ನು ಸವರಿತು. ಪಟಪಟನೆ ಬಿದಿರು ಸೀಳಿದ ಸದ್ದು. ಆಮೇಲೆ ಅದು ಎದ್ದಿತು, ಬದು ದಾಟಿತು, ನಾನು ಅದನ್ನು ಮೆಣಸಿನಗಿಡಗಳ ನಡುವೆ ಕೆಡವಿದೆ. ಮಗುಚಿ ಬಿದ್ದು ಹಸಿರು ಚೂರುಗಳನ್ನು ತೂರುತ್ತ, ಔಷಧ ಕಾರುತ್ತ, ಕೊನೆಗೆ ಸುಮ್ಮನಾಯಿತು.

ಫಕೀರವ್ವನ ಹಣೆಯಲ್ಲಿ ಬಿದಿರಿನ ಚೂರೊಂದು ನೆಟ್ಟು ರಕ್ತ ಇಳಿಯುತ್ತಿತ್ತು. ಅಷ್ಟೇ. ಬುಟ್ಟಿ ಮೂರು ತುಂಡಾಗಿತ್ತು. ಅವಳು ಎದ್ದು ಕೂತು ತುಂಡುಗಳನ್ನು ನೋಡಿದಳು, ತಲೆ ಮುಟ್ಟಿಕೊಂಡಳು, ಮತ್ತೆ ತುಂಡುಗಳನ್ನು ನೋಡಿದಳು. ಆಮೇಲೆ, "ನಿಮ್ಮ ಇಮಾನಕ್ಕ ಬೆಂಕಿ ಹಚ್ಚಲಿ," ಎಂದು ಬಯ್ಯತೊಡಗಿದಳು. ಅವಳು ಬಯ್ಯುತ್ತಿರುವುದು ಕೇಳಿ ಶಾಂತಕ್ಕ ನೆಲಕ್ಕೆ ಕೂತು ಅತ್ತಳು. ಸರ್ ಬದುವಿನ ಮೇಲೆ ಕೂತರು. ನೀರು ಕೊಟ್ಟರೆ ಲೋಟ ಹಿಡಿಯಲಾಗಲಿಲ್ಲ, ನಾನೇ ಬಾಯಿಗೆ ಹಿಡಿದೆ.

ಎಂಟು ದಿನ ಬಿಟ್ಟು ಊರ ಸಮುದಾಯ ಭವನದಲ್ಲಿ ಸಂಘದವರು, ಹೊಲದವರು ಸೇರಿದರು. ತಪ್ಪು ಯಾರದು ಎಂಬ ಮಾತು. ಶಾಂತಕ್ಕನ ಪರವಾನಗಿ ಹೋಗುವುದರಲ್ಲಿತ್ತು. ಯಾರೂ ಕರೆಯದಿದ್ದರೂ ಸರ್ ಬಂದಿದ್ದರು. ಎದ್ದು ನಿಂತು ಕೈಮುಗಿದರು.

"ತಪ್ಪು ನನ್ನ ಶಬ್ದದ್ದು. ನಾ ಕುದಿ ಅಂತ ಬರದೆ. ಇವ್ರು ಸೆಕಿ ಅಂತ ತಿಳಕೊಂಡ್ರು. ಹೊಲದಾಗ ನಿಂತಾವ್ರು ಹಂಗ ತಿಳಕೊಳ್ಳೂದ ಬರೋಬರಿ. ಇಷ್ಟು ವರ್ಷ ಈ ಸೀಮ್ಯಾಗ ಹುಟ್ಟಿ ಬೆಳದೂ ನನಗ ಅದು ಹೊಳೀಲಿಲ್ಲ. ಆ ತಾಯಿ ಹಣಿ ಮ್ಯಾಲಿನ ಗಾಯ ನಾ ಮಾಡಿದ್ದು."

ನಾನು ಮೂರನೆಯ ಸಾಲಿನಲ್ಲಿ ಕೂತಿದ್ದೆ. ಈಗ ಏಳಬೇಕು, ನನಗೆ ಗೊತ್ತಿತ್ತು ಎನ್ನಬೇಕು ಎಂದು ಕಾಲು ಎಷ್ಟೋ ಸಲ ಅಣಿಯಾಯಿತು. ಏಳಲಿಲ್ಲ.

"ಮತ್ತ ಈಗ ಏನಂತ ಬರೀಲಿ?" ಎಂದು ಸರ್ ಫಕೀರವ್ವನನ್ನೇ ಕೇಳಿದರು. "ಬ್ಯಾರೆ ಶಬ್ದ ಹೇಳವ್ವಾ. ನಿನಗ ತಿಳಿಯೂವಂಥಾದ್ದು."

"ಶಬ್ದ ಯಾಕ ಬೇಕೋ ಯಪ್ಪಾ?" ಅಂದಳು ಹಣೆಗೆ ಪಟ್ಟಿ ಹ‌ಚ್ಚಿಕೊಂಡಿದ್ದ ಫಕೀರವ್ವ. "ಹಾರಸಬ್ಯಾಡ್ರಿ ಅಂತ ಬರಿ. ಓದಿದಾವ್ರಿಗೆ ಇಷ್ಟ ತಿಳಿಯೂದಿಲ್ಲೇನು?"

ಜನ ನಕ್ಕರು. ಸರ್ ನಗಲಿಲ್ಲ. ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಬರೆದುಕೊಂಡರು. ಶಾಂತಕ್ಕನ ಪರವಾನಗಿ ಉಳಿಯಿತು. ಮರುದಿನದಿಂದ ತಿಳಿ, ಕದಡು, ಕುದಿ ನಿಂತವು. 'ಹಾರಿಸ್ರಿ', 'ಹಾರಸಬ್ಯಾಡ್ರಿ' ಎಂಬ ಎರಡೇ ಮಾತು ಬರತೊಡಗಿದವು.

ಹೇಳದೆ ಉಳಿದದ್ದು ನನ್ನನ್ನು ಒಳಗೇ ತಿನ್ನುತ್ತಿತ್ತು. ಸರ್‌ಗೆ ಮೈ ಹುಷಾರಿಲ್ಲ ಎಂದು ಸುದ್ದಿ ಬಂದಾಗ ಬೆಟಗೇರಿಗೆ ಹೋದೆ. ತೀರ ಸೊರಗಿದ್ದರು. ಅವರ ಮನೆಯವರು ಚಹಾ ತರಲು ಒಳಗೆ ಹೋದ ಹೊತ್ತು ನೋಡಿ ಒಂದೇ ಉಸಿರಿನಲ್ಲಿ ಹೇಳಿದೆ.

"ಸರ್, ಆವತ್ತ ನನಗ ಗೊತ್ತಿತ್ರಿ. ಕುದಿ ಅಂದ್ರ ಏನು ಅಂತ ಗೊತ್ತಿದ್ದೂ ಸುಮ್ಮನಿದ್ದೆ."

"ಗೊತ್ತೈತಿ," ಅಂದರು. "ನೀ ಮೂರು ವರ್ಷ ನನ್ನ ಮುಂದ ಕುಂತಾಕಿ."

"ಮತ್ತ ಸಭಾದಾಗ ಯಾಕ ಹೇಳಲಿಲ್ರಿ?"

ಅವರು ಹೊದಿಕೆಯ ಅಂಚನ್ನು ಬೆರಳಿನ ಹಿಂಬದಿಯಿಂದ ಸವರುತ್ತಿದ್ದರು. "ಈಗ ಹಾರಸ್ತೀಯಿಲ್ಲೋ?" ಎಂದು ಕೇಳಿದರು.

"ಹಾರಸ್ತೀನ್ರಿ. ಪರವಾನಗಿ ತಗೊಂಡೀನಿ. ಖರೆ ಹೇಳ್ತೀನ್ರಿ ಸರ್, ಪ್ರತಿ ಸಲ ಅಂಜಿಕಿ ಬರತೈತಿ. ಹೋಗವಲ್ದು."

"ಇರಲಿ," ಅಂದರು. ಮಕ್ಕಳು ಇನ್ನೊಂದು ರೊಟ್ಟಿ ಕೇಳಿದಾಗ ಅನ್ನುವ ಹಾಗೆ. "ಇರಲಿ ಬಿಡು."

ಅದೇ ಕೊನೆಯ ಭೇಟಿ. ಸೊರಟೂರಿನ ಆಂಟೆನಾವನ್ನು ಈಗ ಶಾಲೆಯ ಒಬ್ಬ ಮಾಸ್ತರರ ಜೊತೆ ಸೇರಿ ನಾನೇ ನೋಡಿಕೊಳ್ಳುತ್ತೇನೆ. ಸಂದೇಶ ಕಳಿಸುವುದೂ ನಾನೇ. ಡ್ರೋನು ಇರುವ ಬೆಳ್ಳಟ್ಟಿ, ಶಿರಹಟ್ಟಿ, ಮುಂಡರಗಿ ಕಡೆಯವರೂ ಕೇಳಿ ಸೇರಿಕೊಂಡಿದ್ದಾರೆ.

ಹೋದ ವಾರ ಡೋಣಿ ಎಂಬ ಊರಿನಲ್ಲಿ ಕೆಲಸ ಇತ್ತು. ಹೊತ್ತು ಇಳಿದಿತ್ತು, ಎರಡು ಎಕರೆ ಉಳಿದಿತ್ತು. ಗಾಳಿ ಇಲ್ಲ, ಮೋಡ ಇಲ್ಲ. ಹೊತ್ತು ಮುಳುಗಿದ ಮೇಲೆ ಹಾರಸಬ್ಯಾಡ್ರಿ ಎಂದು ಮಧ್ಯಾಹ್ನ ನಾನೇ ಸಂದೇಶ ಕಳಿಸಿದ್ದೆ. ನಾನು ನಿಲ್ಲಿಸೋಣ ಅಂದೆ. ಹೊಲದ ಯಜಮಾನರು ಒಪ್ಪಲಿಲ್ಲ.

"ಇನ್ನ ಬೆಳಕ ಐತಲ್ಲವ್ವಾ. ಏನ ಕಾಣಾಕತ್ತೈತಿ ನಿನಗ ಆಕಾಶದಾಗ?"

"ಏನೂ ಕಾಣವಲ್ದ್ರಿ."

"ಮತ್ತ?"

"ಅಂಜಿಕಿ ಬರಾಕತ್ತೈತ್ರಿ."

ಅವರು ಶಾಂತಕ್ಕನ ಕಡೆ ತಿರುಗಿ ನಕ್ಕರು. "ಇಂಥಾ ಅಂಜುಬುರುಕಿನ್ನ ಎಲ್ಲಿಂದ ಹಿಡಕೊಂಡು ಬಂದೀಯವ್ವಾ?"

ಶಾಂತಕ್ಕ ನಗಲಿಲ್ಲ. ಬಗ್ಗಿ ಬ್ಯಾಟರಿಯ ವೈರು ಬಿಚ್ಚಿದಳು. ಪಕ್ಕದ ಬದುವಿನ ಮೇಲೆ ನಾಲ್ಕು ಜನ ಹೆಂಗಸರು, ಅವರಲ್ಲಿ ಒಬ್ಬಳು ಬಸುರಿ, ಬುತ್ತಿಗಂಟು ಕಟ್ಟಿಕೊಂಡು ಏನೋ ಮಾತಾಡುತ್ತ ಕೂತಿದ್ದರು. ಯಾರ ಮನೆಯದೋ ಮದುವೆಯ ಸುದ್ದಿ. ನಾನು ಅವರನ್ನೇ ನೋಡುತ್ತ ನಿಂತಿದ್ದೆ. ಕತ್ತಲಾಯಿತು, ಅವರ ಗಾಡಿ ಬಂತು, ಒಬ್ಬರ ಕೈ ಒಬ್ಬರು ಹಿಡಿದು ಹತ್ತಿದರು, ಹೋದರು. ಆ ಸಂಜೆ ಅಲ್ಲಿ ಏನೂ ಆಗಲಿಲ್ಲ.